ಹಳೇ ಶೆವರ್ಲೆ ಪಿಕಪ್‌ನ ಕಂಟ್ರೋಲ್ ಆರ್ಮ್ ಬಿಚ್ಚುವ ಮುಂಚೆ: ಸ್ಪ್ರಿಂಗನ್ನು ಹಿಡಿದಿರೋದು ಯಾವುದು?

ಪ್ರಶ್ನೆ: ನಮ್ಮದು ಗೋಣಿಕೊಪ್ಪ ಹತ್ತಿರ ಕಾಫಿ ತೋಟ. ಅಪ್ಪ ಹಿಂದೆ ಹರಾಜಿನಲ್ಲಿ ಹಿಡಿದ 1971ರ ಶೆವರ್ಲೆ ಸಿ-10 ಪಿಕಪ್ ಒಂದಿದೆ, ಟೂ ವೀಲ್ ಡ್ರೈವ್. ವರ್ಷಗಟ್ಟಲೆ ಗೊಬ್ಬರ, ಕಾಫಿ ಮೂಟೆ ಹೊತ್ತ ಗಾಡಿ. ಈಗ ಗುಂಡಿಗೆ ಇಳಿದರೆ ಮುಂದಿನ ಬಲಗಡೆ ಕಟಕಟ ಸದ್ದು ಬರುತ್ತೆ. ಅದೇ ಟೈರು ಒಳಮಗ್ಗುಲಲ್ಲಿ ಸವೆದಿದೆ. ಎರಡೂ ಕಡೆ ಮೇಲಿನ, ಕೆಳಗಿನ ಕಂಟ್ರೋಲ್ ಆರ್ಮ್ (ಚಕ್ರವನ್ನು ಚಾಸಿಗೆ ಹಿಡಿದಿರುವ ತೋಳು) ಬಿಚ್ಚಿ, ಅದರ ಒಳತುದಿಯ ಬುಷ್ ಮತ್ತು ಹೊರತುದಿಯ ಬಾಲ್ ಜಾಯಿಂಟ್ ಬದಲಿಸಿ, ಬಣ್ಣ ಹೊಡೆಸೋಣ ಅಂತಿದ್ದೇನೆ. ಇಲ್ಲಿನ ಮೆಕ್ಯಾನಿಕ್ ಒಬ್ಬರು ಗ್ಯಾಸ್ ಕಟ್ಟರ್‌ನಲ್ಲಿ ಯು-ಬೋಲ್ಟ್ ಕತ್ತರಿಸಿಬಿಟ್ಟರೆ ಅರ್ಧ ಗಂಟೆ ಕೆಲಸ ಅಂತಾರೆ. ಸ್ಪ್ರಿಂಗ್ ಹಾರಿದರೆ ಏನು ಗತಿ ಅಂತ ನನಗೆ ಭಯ. ಮನೆಯಲ್ಲೇ ನಾನೇ ಮಾಡಬಹುದಾ ಸಾರ್?

ಉತ್ತರ: ಮಾಡಬಹುದು. ಗ್ಯಾಸ್ ಕಟ್ಟರ್ ಮಾತ್ರ ಹತ್ತಿರ ತರಬೇಡಿ.

ನಿಮ್ಮ ಮೆಕ್ಯಾನಿಕ್ ಕೆಲಸ ಗೊತ್ತಿಲ್ಲದವರು ಅಂತ ನಾನು ಹೇಳುತ್ತಿಲ್ಲ. ಅವರು ಜೀಪಿನ ಲೆಕ್ಕದಲ್ಲಿ ಮಾತಾಡುತ್ತಿದ್ದಾರೆ ಅಷ್ಟೇ. ಕೊಡಗಿನಲ್ಲಿ ಯಾವ ಶೆಡ್ಡಿಗೆ ಹೋದರೂ ಒಂದು ಜೀಪು ಇದ್ದೇ ಇರುತ್ತೆ. ಜೀಪಿನಲ್ಲಿ ಯು-ಬೋಲ್ಟ್ ಹಿಡಿದಿರೋದು ಆಕ್ಸಲ್ಲನ್ನ, ಪಟ್ಟಿ ಸ್ಪ್ರಿಂಗಿಗೆ. ಚಾಸಿ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದರೆ ಆಕ್ಸಲ್ ಜೋತು ಬೀಳುತ್ತೆ, ಪಟ್ಟಿಯ ಬಿಗಿ ಬಹುತೇಕ ಹೋಗುತ್ತೆ. ಆಮೇಲೆ ಯು-ಬೋಲ್ಟ್ ಕತ್ತರಿಸಿದರೂ ಆಕ್ಸಲ್ಲಿಗೆ ಒಂದು ಜ್ಯಾಕ್ ಕೊಟ್ಟಿದ್ದರೆ ಸಾಕು.

ಸಿ-10ರ ಕಥೆ ಬೇರೆ. ಇದರ ಮುಂಭಾಗದಲ್ಲಿ 1963ರಿಂದ ಕಾಯಿಲ್ ಸ್ಪ್ರಿಂಗ್ ಇದೆ. ಸ್ಪ್ರಿಂಗಿನ ತಲೆ ಕ್ರಾಸ್ ಮೆಂಬರಿಗೆ, ಅಂದರೆ ಚಾಸಿಯ ಅಡ್ಡ ತೊಲೆಗೆ, ಒತ್ತಿಕೊಂಡಿರುತ್ತೆ, ಬುಡ ಕೆಳಗಿನ ಆರ್ಮ್ ಮೇಲೆ ಕೂತಿರುತ್ತೆ. ಆ ಆರ್ಮ್‌ನ ಒಳತುದಿಯಲ್ಲಿ ಒಂದು ಅಡ್ಡ ಶಾಫ್ಟ್. ಆ ಶಾಫ್ಟನ್ನ ಕ್ರಾಸ್ ಮೆಂಬರಿನ ಅಡಿಗೆ ಕಟ್ಟಿರೋದೇ ನಿಮ್ಮ ಮೆಕ್ಯಾನಿಕ್ ಕತ್ತರಿಸೋಣ ಅನ್ನುವ ಯು-ಬೋಲ್ಟುಗಳು. ಗಾಡಿ ಎತ್ತಿ ಚಕ್ರ ಗಾಳಿಯಲ್ಲಿ ತೂಗಾಡುತ್ತಿದ್ದರೂ ಈ ಸ್ಪ್ರಿಂಗಿನ ಬಿಗಿ ಪೂರ್ತಿ ಹೋಗೋದಿಲ್ಲ. ಜೊತೆಗೆ ಸ್ಪ್ರಿಂಗು ಆರ್ಮ್‌ನ ತುದಿಯಲ್ಲಿಲ್ಲ, ನಡುವೆ ಇದೆ. ಹಾಗಾಗಿ ಗಾಡಿ ನೆಲದ ಮೇಲೆ ನಿಂತಾಗ ಚಕ್ರ ಹೊರುವ ಭಾರಕ್ಕಿಂತ ಜಾಸ್ತಿ ಒತ್ತಡ ಸ್ಪ್ರಿಂಗಿನ ಮೇಲಿರುತ್ತೆ. ಆ ಬಿಗಿ ಇರುವಾಗ ಯು-ಬೋಲ್ಟ್ ಕತ್ತರಿಸಿದರೆ ಆರ್ಮ್ ಕೆಳಕ್ಕೆ ಬಡಿಯುತ್ತೆ, ಸ್ಪ್ರಿಂಗ್ ಎತ್ತ ಹಾರುತ್ತೋ ಹೇಳೋಕ್ಕಾಗಲ್ಲ. ಕತ್ತರಿಸುವವರ ಮುಖ ಅದರ ಎದುರಿಗೇ ಇರುತ್ತೆ ಅಲ್ವಾ?

ಇನ್ನೊಂದು ಕಾರಣ. 1967ರಿಂದ 1972ರವರೆಗಿನ ಈ ಪಿಕಪ್‌ಗಳಲ್ಲಿ ಪೆಟ್ರೋಲ್ ಟ್ಯಾಂಕ್ ಕ್ಯಾಬಿನ್ ಒಳಗೇ ಇದೆ, ಸೀಟಿನ ಬೆನ್ನಿಗೆ. ಅಷ್ಟು ಹಳೇ ಗಾಡಿಯ ಪೈಪು, ಹೋಸು ಎಲ್ಲಿ ಸೋರುತ್ತಿದೆಯೋ ಯಾರಿಗೆ ಗೊತ್ತು. ಅಂಥದ್ದರ ಅಡಿಯಲ್ಲಿ ಬೆಂಕಿ ಹಿಡಿದು ಮಲಗೋದು ಬೇಡ.

ಆದ್ದರಿಂದ ಈ ಕೆಲಸದಲ್ಲಿ ಒಂದೊಂದು ನಟ್ ಮುಟ್ಟುವ ಮುಂಚೆಯೂ ಕೇಳಿಕೊಳ್ಳಬೇಕಾದ್ದು ಒಂದೇ: ಈ ಗಳಿಗೆಯಲ್ಲಿ ಸ್ಪ್ರಿಂಗನ್ನು ಹಿಡಿದಿರೋದು ಯಾವುದು? ಈ ನಟ್ ಬಿಚ್ಚಿದ ಮೇಲೆ ಹಿಡಿಯೋದು ಯಾವುದು?

ಬಿಚ್ಚೋಕೆ ಮುಂಚೆ ಸದ್ದು ಎಲ್ಲಿಂದ ಅಂತ ಹುಡುಕಿ. ಎಲ್ಲ ಬದಲಿಸೋದಂತೂ ಇದ್ದೇ ಇದೆ ಅಂತ ಇದನ್ನು ಬಿಡಬೇಡಿ. ಬುಷ್ ಬದಲಿಸಿ ಬಣ್ಣ ಹೊಡೆದ ಮೇಲೂ ಕಟಕಟ ಹಾಗೇ ಇದ್ದರೆ ತಲೆ ಕೆಡುತ್ತೆ. ಜ್ಯಾಕನ್ನು ಚಾಸಿಗೆ ಕೊಡಬೇಡಿ, ಕೆಳಗಿನ ಆರ್ಮ್‌ನ ಹೊರತುದಿಗೆ, ಬಾಲ್ ಜಾಯಿಂಟಿಗೆ ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರ ಕೊಡಿ. ಆಗ ಸ್ಪ್ರಿಂಗಿನ ಭಾರ ಜ್ಯಾಕಿಗೆ ಹೋಗಿ ಬಾಲ್ ಜಾಯಿಂಟ್ ಸಡಿಲ ಆಗುತ್ತೆ, ಸವೆದಿದ್ದರೆ ಆಟ (ಸಡಿಲ ಅಲುಗಾಟ) ಕಾಣುತ್ತೆ. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಅಲ್ಲಾಡಿದರೆ ಯಾರಿಗಾದರೂ ಬ್ರೇಕ್ ಒತ್ತೋಕೆ ಹೇಳಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ಅದು ವೀಲ್ ಬೇರಿಂಗ್. ಆಗಲೂ ನಿಲ್ಲದಿದ್ದರೆ ಬಾಲ್ ಜಾಯಿಂಟ್ ಅಥವಾ ಬುಷ್. ಟೈರಿನ ಅಡಿಗೆ ಉದ್ದದ ಕಬ್ಬಿಣದ ಸರಳು ತೂರಿಸಿ ಮೀಟಿದರೆ ಕೆಳಗಿನ ಜಾಯಿಂಟಿನ ಸವೆತ ಗೊತ್ತಾಗುತ್ತೆ. ಅದೇ ಸರಳಲ್ಲಿ ಆರ್ಮ್‌ನ ಒಳತುದಿಯನ್ನೂ ಮೀಟಿ ನೋಡಿ, ಶಾಫ್ಟ್ ಬುಷ್ ಒಳಗೆ ಕುಣಿಯುತ್ತಿದೆಯಾ ಅಂತ. ಎಡಬಲ ಅಲ್ಲಾಡಿದರೆ ಟೈ ರಾಡ್ ಎಂಡ್ (ಸ್ಟೀರಿಂಗ್ ಸರಳಿನ ತುದಿಯ ಕೀಲು) ಕಡೆ ನೋಡಿ.

ಟೈರ್ ಒಳಮಗ್ಗುಲಲ್ಲಿ ಸವೆಯೋಕೆ ಬುಷ್ ಒಂದೇ ಕಾರಣ ಅಲ್ಲ. ಸ್ಪ್ರಿಂಗ್ ಕುಗ್ಗಿ ಆ ಮೂಲೆ ಕೆಳಗೆ ಕೂತಿದ್ದರೂ ಚಕ್ರದ ತಲೆ ಒಳಕ್ಕೆ ವಾಲುತ್ತೆ. ಸಮತಟ್ಟು ನೆಲದಲ್ಲಿ ನಿಲ್ಲಿಸಿ ಎರಡೂ ಕಡೆ ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಟೇಪ್ ಹಿಡಿದು ನೋಡಿ. ವ್ಯತ್ಯಾಸ ಎದ್ದು ಕಾಣುವಷ್ಟಿದ್ದರೆ ಸ್ಪ್ರಿಂಗನ್ನೂ ಜೋಡಿಯಾಗಿ ತರಿಸಿ, ಒಂದೇ ಕಡೆಗೆ ಬೇಡ.

ಮಾಲು ಕೈಗೆ ಬರುವವರೆಗೆ ಗಾಡಿ ಬಿಚ್ಚಬೇಡಿ. ಬಾಲ್ ಜಾಯಿಂಟ್, ಬುಷ್, ಹೊಸ ಯು-ಬೋಲ್ಟು ಎಲ್ಲ ಹೆಚ್ಚುಕಮ್ಮಿ ಅಮೆರಿಕದಿಂದಲೇ ಬರಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ ನೋಡಬಹುದು, ಅದನ್ನೇ ನಂಬಿ ಕೂರಬೇಡಿ. ಮೇ ತಿಂಗಳಲ್ಲಿ ಬಿಚ್ಚಿಟ್ಟು ಪಾರ್ಸೆಲ್ ತಡವಾಯ್ತು ಅಂದರೆ ಜೂನಿನ ಮಳೆ ಹಿಡಿಯುತ್ತೆ. ನಮ್ಮ ಕಡೆ ಮಳೆ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಉಜ್ಜಿ ಬೆಳ್ಳಗೆ ಮಾಡಿದ ಕಬ್ಬಿಣ ಒಂದೇ ರಾತ್ರಿಗೆ ಕೆಂಪಾಗುತ್ತೆ.

ಜಾಗದ ವಿಷಯ. ಅಂಗಳದ ಕೆಮ್ಮಣ್ಣಿನ ಮೇಲೆ ಜ್ಯಾಕ್, ಸ್ಟ್ಯಾಂಡ್ ಬೇಡವೇ ಬೇಡ, ಹಲಗೆ ಹಾಕಿದರೂ ಬೇಡ. ಸಿಮೆಂಟ್ ನೆಲದ ಶೆಡ್ ಇದ್ದರೆ ಒಳ್ಳೇದು. ಇಲ್ಲದಿದ್ದರೆ ಕಾಫಿ ಒಣಗಿಸುವ ಕಣ ಗಟ್ಟಿ, ಸಮತಟ್ಟು, ಕೆಲಸಕ್ಕೆ ಚೆನ್ನಾಗಿದೆ. ಆದರೆ ಅಡಿಗೆ ದಪ್ಪ ಟಾರ್ಪಾಲ್, ಅದರ ಮೇಲೆ ರಟ್ಟು ಹಾಸದೆ ಒಂದು ಹನಿ ಡೀಸೆಲ್ಲೂ ಬೀಳಿಸಬೇಡಿ. ಕಾಫಿ ವಾಸನೆ ಹೀರುವ ವಸ್ತು. ಮುಂದಿನ ಕೊಯ್ಲಿನ ಪಾರ್ಚ್‌ಮೆಂಟಿನಲ್ಲಿ ಗ್ರೀಸ್ ನಾತ ಬಂದರೆ ಮನೆಯವರು ಗಾಡಿಯನ್ನೇ ಮಾರಿಸಿಬಿಡ್ತಾರೆ.

ಪಾನಾ ಇಂಚಿನದ್ದೇ ಬೇಕು. ನಮ್ಮ ಕಡೆಯ ಪೆಟ್ಟಿಗೆಗಳಲ್ಲಿ ಇರೋದು ಮಿಲಿಮೀಟರಿನದ್ದು. 3/4 ಇಂಚು ಅಂದರೆ 19.05 ಮಿ.ಮೀ., ಅಲ್ಲಿಗೆ 19ರದ್ದು ಬಿಗಿಯಾಗಿ ಕೂರಬಹುದು. 5/8ಕ್ಕೆ 16ರದ್ದು ನಡೆಯುತ್ತೆ. ತೊಂದರೆ 9/16ರಲ್ಲಿ. ಅದು 14.29 ಮಿ.ಮೀ. 14ರದ್ದು ಒಳಗೆ ಹೋಗಲ್ಲ, 15ರದ್ದು ಹಾಕಿದರೆ ತುಕ್ಕು ಹಿಡಿದ ನಟ್ಟಿನ ಮೂಲೆ ಉರುಟಾಗಿ ಕೈಕೊಡುತ್ತೆ. ಆರು ಮೂಲೆಯ ಸಾಕೆಟ್ ತಗೊಳ್ಳಿ, ಹನ್ನೆರಡು ಮೂಲೆಯದ್ದು ಹಳೇ ನಟ್ಟಿಗೆ ಆಗಿಬರಲ್ಲ.

ಕೆಲಸಕ್ಕೆ ಇಳಿಯೋಕೆ ನಾಲ್ಕೈದು ದಿನ ಮುಂಚಿನಿಂದ ಸಂಜೆ ಹೊತ್ತು ಎಲ್ಲ ನಟ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೀರಿ. ಹೊಡೆಯೋ ಮುಂಚೆ ಮಣ್ಣು ಕೆರೆದು, ತಂತಿ ಬ್ರಷ್‌ನಲ್ಲಿ ಥ್ರೆಡ್ ಕಾಣುವ ಹಾಗೆ ಉಜ್ಜಿ. ಮಣ್ಣಿನ ಮೇಲೆ ಹೊಡೆದ ಎಣ್ಣೆ ಮಣ್ಣಿಗೇ ಹೋಗುತ್ತೆ. ನಿಮ್ಮ ಗಾಡಿ ಗೊಬ್ಬರ ಹೊತ್ತಿದ್ದು ಅಂತ ಬರೆದಿದ್ದೀರಿ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೇನೆ. ತೋಟಕ್ಕೆ ಹಾಕುವ ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಮೂಟೆಯಿಂದ ಉದುರಿದ್ದು ಮಳೆನೀರಲ್ಲಿ ಕರಗಿ ಚಾಸಿಯ ಸಂದಿಗೆ ಇಳಿದರೆ ಕಡಲತೀರದ ಗಾಡಿಯ ಹಾಗೆ ತಿನ್ನುತ್ತೆ. ಗೊಬ್ಬರದ ಗಾಡಿಗಳಲ್ಲಿ ಹೊರಗೆ ಬಣ್ಣ ಚೆನ್ನಾಗಿದ್ದು ಒಳಗೆ ಕಬ್ಬಿಣ ಪದರ ಪದರವಾಗಿ ಏಳೋದು ಇದಕ್ಕೇ.

ಇನ್ನು ಬಿಚ್ಚುವ ಕೆಲಸ. ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಟ್ಟೆ ಕೊಡಿ. ಚಾಸಿಯನ್ನು ಆರ್ಮ್‌ಗಳ ಹಿಂದೆ ಎರಡೂ ಕಡೆ ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ. ಕಲ್ಲು, ಇಟ್ಟಿಗೆ, ಮರದ ದಿಮ್ಮಿ ಲೆಕ್ಕಕ್ಕಿಲ್ಲ. ಗಾಡಿಯನ್ನು ಭುಜ ಕೊಟ್ಟು ತಳ್ಳಿ ನೋಡಿ. ಅಲ್ಲಾಡಿದರೆ ಇನ್ನೂ ಸರಿ ಕೂತಿಲ್ಲ. ಒಂದು ಕಡೆ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದಕ್ಕೆ ಹೋಗಿ. ಎರಡನೇ ಕಡೆ ಹೇಗೆ ಕೂತಿತ್ತು ಅಂತ ನೋಡೋಕೆ ಒಂದು ಮಾದರಿ ಉಳಿದಿರುತ್ತೆ. ಇದು ಫೋಟೋಗಿಂತ ಎಷ್ಟೋ ವಾಸಿ.

ಚಕ್ರ ತೆಗೆಯುವಾಗ ಬೋಲ್ಟ್ ಎಣಿಸಿ. 1971ರ ಸಿ-10ಕ್ಕೆ ಮುಂದೆ ಡಿಸ್ಕ್ ಬ್ರೇಕ್, 5 ಬೋಲ್ಟ್. 6 ಬೋಲ್ಟ್ ಮತ್ತು ಡ್ರಮ್ ಕಂಡರೆ ಯಾರೋ ಹಿಂದೆ ಹಳೇ ಗಾಡಿಯ ಮುಂಭಾಗ ತಂದು ಕೂರಿಸಿದ್ದಾರೆ ಅಂತ ಅರ್ಥ. ಮಾಲು ತರಿಸುವ ಮುಂಚೆಯೇ ಇದನ್ನು ನೋಡಿಕೊಳ್ಳಿ.

ಡಿಸ್ಕ್ ಇದ್ದರೆ ಅದನ್ನು ಕಚ್ಚುವ ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ಚಾಸಿಗೆ ತೂಗುಹಾಕಿ. ಬ್ರೇಕ್ ಹೋಸ್ ಮೇಲೆ ಜೋತು ಬಿಡಬೇಡಿ, ಒಳಗೆ ಹರಿದರೆ ಹೊರಗೆ ಕಾಣೋದಿಲ್ಲ. ಟೈ ರಾಡ್ ಎಂಡ್ ಬಿಡಿಸಿ. ಸ್ಟೆಬಿಲೈಸರ್ ರಾಡ್ ಇದ್ದರೆ ಆರ್ಮ್‌ನಿಂದ ಬಿಚ್ಚಿ. ಶಾಕ್ ಅಬ್ಸಾರ್ಬರ್ ಸ್ಪ್ರಿಂಗಿನ ಒಳಗಿಲ್ಲ, ಪಕ್ಕದಲ್ಲಿದೆ, ಸುಲಭವಾಗಿ ಬರುತ್ತೆ. ಇಷ್ಟರವರೆಗೆ ಯಾವುದೂ ಸ್ಪ್ರಿಂಗನ್ನು ಹಿಡಿದಿರುವ ಭಾಗ ಅಲ್ಲ. ಇಲ್ಲಿಂದ ಮುಂದೆ ಎಲ್ಲವೂ ಹಿಡಿದಿರುವ ಭಾಗವೇ.

ಮರದ ದಿಮ್ಮಿ ಎಳೆಯುವಂಥ ದಪ್ಪ ಕಬ್ಬಿಣದ ಸರಪಳಿ ತಗೊಳ್ಳಿ. ಸ್ಪ್ರಿಂಗಿನ ಸುರುಳಿಯ ಸಂದಿಯಲ್ಲಿ ತೂರಿಸಿ, ಕ್ರಾಸ್ ಮೆಂಬರಿಗೆ ಸುತ್ತು ಹಾಕಿ, ಬೋಲ್ಟ್ ನಟ್ ಕೊಟ್ಟು ಬಿಗಿ ಮಾಡಿ. ಕೊಕ್ಕೆ ಸಾಲದು. ಸ್ಪ್ರಿಂಗು ಇಳಿಯೋಕೆ ಬೇಕಾದಷ್ಟು ಮಾತ್ರ ಸಡಿಲ ಇರಲಿ. ಇದು ಸ್ಪ್ರಿಂಗನ್ನು ಇಳಿಸೋದಿಲ್ಲ, ಜ್ಯಾಕ್ ಜಾರಿದರೆ ಹಾರದಂತೆ ತಡೆಯುತ್ತೆ, ಅಷ್ಟೇ. ಕಾಯಿಲ್ ಕಂಪ್ರೆಸರ್ ಸಿಕ್ಕರೆ ಇನ್ನೂ ಒಳ್ಳೇದು, ಆಗಲೂ ಸರಪಳಿ ಇರಲಿ.

ಆಮೇಲೆ ಗಾಲಿ ಇರುವ ದೊಡ್ಡ ಫ್ಲೋರ್ ಜ್ಯಾಕನ್ನು ಕೆಳಗಿನ ಆರ್ಮ್‌ನ ಹೊರತುದಿಗೆ ಕೊಟ್ಟು ತುಸು ಎತ್ತಿ. ಸ್ಟ್ಯಾಂಡಿನಿಂದ ಚಾಸಿ ಏಳಬಾರದು. ಎದ್ದರೆ ಜಾಸ್ತಿ ಆಯ್ತು. ನೀವು ಎಂಜಿನ್ ಇಳಿಸಿದ್ದರೆ ಇಲ್ಲಿ ಪೇಚು. ಮುಂಭಾಗದಲ್ಲಿ ಭಾರ ಇರಲ್ಲ, ಸ್ಪ್ರಿಂಗ್ ಒತ್ತುವ ಬದಲು ಗಾಡಿಯೇ ಮೇಲೇಳುತ್ತೆ. ಹಾಗಾಗಿ ಎಂಜಿನ್ ಇರುವಾಗಲೇ ಈ ಕೆಲಸ ಮುಗಿಸಿ.

ಎರಡೂ ಬಾಲ್ ಜಾಯಿಂಟಿನ ಸ್ಪ್ಲಿಟ್ ಪಿನ್ ಕಿತ್ತು, ನಟ್ಟನ್ನು ಎರಡು ಮೂರು ಸುತ್ತು ಸಡಿಲಿಸಿ. ಪೂರ್ತಿ ತೆಗೆಯಬೇಡಿ. ಕಚ್ಚಿಕೊಂಡಿರೋದು ನಟ್ ಅಲ್ಲ, ಒಳಗಿನ ಟೇಪರ್, ಅಂದರೆ ತುದಿಗೆ ಸಪೂರವಾಗುವ ಕಂಬ. ಚಕ್ರವನ್ನು ಹೊತ್ತು ಸ್ಟೀರಿಂಗ್ ಜೊತೆ ತಿರುಗುವ ಭಾಗಕ್ಕೆ ನಕಲ್ ಅಂತಾರೆ; ಅದರಲ್ಲಿ ಟೇಪರ್ ಕೂತಿರುವ ಕಣ್ಣಿನ ಪಕ್ಕಕ್ಕೆ ದೊಡ್ಡ ಸುತ್ತಿಗೆಯಲ್ಲಿ ಬಲವಾಗಿ ಒಂದೆರಡು ಏಟು ಕೊಡಿ. ಥ್ರೆಡ್ಡಿನ ತಲೆಗೆ ಹೊಡೆಯಬೇಡಿ. ಏಟಿಗೆ ಕಣ್ಣು ಕ್ಷಣಮಾತ್ರ ಅಗಲಿ ಟೇಪರ್ ಬಿಡುತ್ತೆ. ಕೆಳಗಿನದು ಬಿಡದಿದ್ದರೆ ಜ್ಯಾಕನ್ನು ಒಂದು ನೂಲು ಇಳಿಸಿ. ಸ್ಪ್ರಿಂಗೇ ಆರ್ಮನ್ನು ಕೆಳಕ್ಕೆ ಒತ್ತಿ ನಿಮ್ಮ ಪರವಾಗಿ ಎಳೆಯುತ್ತೆ. ಮತ್ತೆ ಏಟು ಕೊಡಿ. ಬಿಟ್ಟಾಗ ಪಟಾಕಿ ಹೊಡೆದಂಥ ಸದ್ದಾಗಿ ಆರ್ಮ್ ಸ್ವಲ್ಪ ಕುಸಿಯುತ್ತೆ, ಅಲ್ಲೇ ನಟ್ಟಿಗೆ ತಗುಲಿ ನಿಲ್ಲುತ್ತೆ. ನಟ್ ಉಳಿಸಿಕೊಳ್ಳಿ ಅಂದಿದ್ದು ಇದಕ್ಕೇ. ಕವಲು ಫೋರ್ಕ್ ಬಡಿದು ಬಿಡಿಸುವ ಪದ್ಧತಿಯೂ ಇದೆ. ಅದು ರಬ್ಬರ್ ಬೂಟನ್ನು ಹರಿದೇ ಹರಿಯುತ್ತೆ. ಜಾಯಿಂಟ್ ಹೇಗೂ ಬಿಸಾಡೋದಾದರೆ ಅಡ್ಡಿಯಿಲ್ಲ, ಟೈ ರಾಡ್ ಎಂಡ್ ಉಳಿಸಿಕೊಳ್ಳೋದಾದರೆ ಅಲ್ಲಿಗೆ ತರಬೇಡಿ.

ಎರಡೂ ಟೇಪರ್ ಬಿಟ್ಟ ಮೇಲೆ ಜ್ಯಾಕನ್ನು ಮತ್ತೆ ಎತ್ತಿ ಆರ್ಮ್‌ನ ಭಾರ ತಗೊಳ್ಳಿ. ಈಗ ನಟ್ ತೆಗೆದು, ನಕಲನ್ನು ಡಿಸ್ಕ್ ಸಮೇತ ಇಬ್ಬರು ಹಿಡಿದು ಹೊರಗಿಡಿ. ಅದು ಕಾಣೋದಕ್ಕಿಂತ ಭಾರ. ಈಗ ಸ್ಪ್ರಿಂಗನ್ನು ಹಿಡಿದಿರೋದು ಒಳಗಡೆ ಯು-ಬೋಲ್ಟು, ಹೊರಗಡೆ ಜ್ಯಾಕ್. ಜ್ಯಾಕಿನ ಒತ್ತಡ ಬಿಡುವ ಕಿವಿಯನ್ನು ಕೂದಲೆಳೆಯಷ್ಟು ತಿರುಗಿಸಿ ನಿಧಾನ ಇಳಿಸಿ. ಆರ್ಮ್ ಕಮಾನಿನ ಹಾಗೆ ಸುತ್ತಿ ಇಳಿಯುತ್ತೆ, ಅದಕ್ಕೆ ತಕ್ಕ ಹಾಗೆ ಜ್ಯಾಕಿನ ಗಾಲಿ ಉರುಳಬೇಕು. ಬಾಟಲ್ ಜ್ಯಾಕ್ ಬೇಡ ಅನ್ನೋದು ಇದಕ್ಕೇ. ಆಗ ನೀವು ನಿಲ್ಲಬೇಕಾದ್ದು ಪಕ್ಕದಲ್ಲಿ, ಸ್ಪ್ರಿಂಗಿನ ಎದುರಿಗಲ್ಲ. ಯಾರದ್ದೂ ಕೈ ಆರ್ಮ್ ಮತ್ತು ಕ್ರಾಸ್ ಮೆಂಬರಿನ ನಡುವೆ ಇರಬಾರದು. ಸ್ಪ್ರಿಂಗು ಕೈಯಲ್ಲಿ ಮುಟ್ಟಿದರೆ ಸಡಿಲವಾಗಿ ತಿರುಗುವಷ್ಟಾದ ಮೇಲೆ ಸರಪಳಿ ಬಿಚ್ಚಿ ಹೊರಗೆ ತೆಗೀರಿ. ಎಡ, ಬಲ, ಮೇಲ್ತುದಿ ಅಂತ ಟೇಪ್ ಅಂಟಿಸಿ ಬರೆದಿಡಿ. ಬುಡದ ಸುರುಳಿಯ ತುದಿ ಆರ್ಮ್‌ನಲ್ಲಿ ಎಲ್ಲಿ ಕೂತಿತ್ತು ಅನ್ನೋ ಗುರುತು ಕೊಳೆಯಲ್ಲೇ ಮೂಡಿರುತ್ತೆ, ತೊಳೆಯುವ ಮುಂಚೆ ಅದರ ಫೋಟೋ ತಗೊಳ್ಳಿ.

ಯು-ಬೋಲ್ಟಿನ ಸರದಿ ಈಗ. ಸ್ಪ್ರಿಂಗ್ ಹೊರಗೆ ಬಂದಿದೆ, ಇನ್ನು ಅದು ಬರೀ ಯು-ಬೋಲ್ಟು. ಬಂದರೆ ಪಾನಾದಲ್ಲಿ, ಬರದಿದ್ದರೆ ಗ್ರೈಂಡರಿನಲ್ಲಿ ಕೊಯ್ಯಿರಿ, ಹೊಸದು ಹಾಕೋದೇ ಅಲ್ವಾ. ಶಾಫ್ಟಿನ ಯಾವ ಮುಖ ಮುಂದೆ, ಯಾವುದು ಮೇಲೆ ಅಂತ ಮೊದಲೇ ಬಣ್ಣದಲ್ಲಿ ಗೆರೆ ಹಾಕಿಡಿ.

ಮೇಲಿನ ಆರ್ಮ್ ಸುಲಭ, ಆದರೆ ಜನ ಎಡವೋದು ಅಲ್ಲೇ. ಅದರ ಶಾಫ್ಟ್ ಎರಡು ಬೋಲ್ಟಿನಲ್ಲಿ ನಿಂತಿದೆ, ಶಾಫ್ಟಿನ ಸಂದಿಯಲ್ಲಿ ತೆಳು ತಗಡಿನ ಶಿಮ್‌ಗಳಿವೆ. ನಟ್ ಬಿಚ್ಚಿದ ಕೂಡಲೇ ಅವು ಟಣ್ ಅಂತ ನೆಲಕ್ಕೆ ಉದುರುತ್ತವೆ. ಕೊಳೆ ತಗಡು ಅಂತ ಗುಡಿಸಿ ಹಾಕಿದರೆ ಮುಗೀತು. ಚಕ್ರದ ವಾಲು ಎಷ್ಟಿರಬೇಕು ಅನ್ನೋದು ಆ ಶಿಮ್‌ನಲ್ಲೇ ಇದೆ. ಎರಡೂ ಬೋಲ್ಟಿಗೆ ಒಂದೇ ಸಮ ಏರಿಸಿ ಇಳಿಸಿದರೆ ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲುವುದು) ಬದಲಾಗುತ್ತೆ. ಹಿಂದೆ ಮುಂದೆ ಬೇರೆ ಬೇರೆ ಮಾಡಿದರೆ ಕ್ಯಾಸ್ಟರ್, ಅಂದರೆ ಚಕ್ರ ತಿರುಗುವ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲುವುದು. ನಟ್ಟನ್ನು ಪೂರ್ತಿ ಬಿಡಿಸುವ ಮುಂಚೆ ಒಂದೊಂದು ಬೋಲ್ಟಿನ ಶಿಮ್ ಎಳೆದು, ಆಗಲೇ ತಂತಿಗೆ ಪೋಣಿಸಿ, ‘ಬಲ-ಮುಂದೆ’, ‘ಬಲ-ಹಿಂದೆ’ ಅಂತ ಚೀಟಿ ಕಟ್ಟಿ. ಜೇಬಿಗೆ ಹಾಕಿಕೊಳ್ಳಬೇಡಿ.

ಬಿಚ್ಚಿದ ಮೇಲೆ ಪೇಂಟಿಗೆ ಕೊಡುವ ಅವಸರ ಬೇಡ. ಕೆಳಗಿನ ಆರ್ಮ್‌ನ ಸ್ಪ್ರಿಂಗ್ ಕೂರುವ ಗುಂಡಿಯಲ್ಲಿ ಮಣ್ಣು ಗಟ್ಟಿಯಾಗಿ ಕೂತಿರುತ್ತೆ, ನೀರು ಹೋಗುವ ತೂತು ಮುಚ್ಚಿರುತ್ತೆ. ಅದನ್ನೆಲ್ಲ ಕೆರೆದು, ಸುತ್ತಿಗೆಯ ಮೊನೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತೆ, ತಿಂದಿರೋದು ಬೊದ್ದ ಸದ್ದು ಕೊಡುತ್ತೆ. ಸ್ಪ್ರಿಂಗ್ ಗುಂಡಿಯ ಅಂಚಲ್ಲಿ, ಬಾಲ್ ಜಾಯಿಂಟಿನ ಕಣ್ಣಿನ ಸುತ್ತ ಬಿರುಕು ಹುಡುಕಿ. ಕ್ರಾಸ್ ಮೆಂಬರಿನ ಒಳಗೂ ಬೆರಳಾಡಿಸಿ. ಅಲ್ಲಿ ತೂತು ಬಿದ್ದಿದ್ದರೆ ಹೊಸ ಬುಷ್ ಹಾಕಿ ಪ್ರಯೋಜನ ಇಲ್ಲ. ಬಿರುಕಿಗೆ ವೆಲ್ಡಿಂಗ್ ಹಾಕಿಸಿ ಸರಿಮಾಡುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ, ಆರ್ಮ್ ಬದಲಿಸಿ.

ಮೇಲಿನ ಬಾಲ್ ಜಾಯಿಂಟ್ ಕಂಪನಿಯದ್ದೇ ಆದರೆ ರಿವೆಟ್ ಹೊಡೆದಿರುತ್ತಾರೆ. ತಲೆ ಗ್ರೈಂಡ್ ಮಾಡಿ, ನಡುವೆ ಡ್ರಿಲ್ ಹಾಕಿ, ಪಂಚ್‌ನಲ್ಲಿ ತಳ್ಳಿ. ಹೊಸದು ಬೋಲ್ಟಿನ ಜೊತೆ ಬರುತ್ತೆ. ಕೆಳಗಿನದು ಪ್ರೆಸ್ ಫಿಟ್. ಅದನ್ನು ಮನೆಯಲ್ಲಿ ಬಡಿಯಬೇಡಿ, ತೂತು ಮೊಟ್ಟೆಯಾಕಾರ ಆದರೆ ಹೊಸ ಜಾಯಿಂಟ್ ಬಿಗಿಯಾಗಿ ನಿಲ್ಲೋದಿಲ್ಲ. ಹೈಡ್ರಾಲಿಕ್ ಪ್ರೆಸ್ ಇರುವ ಲೇತ್ ಶಾಪಿಗೆ ಆರ್ಮ್‌ಗಳನ್ನು ಹೊತ್ತುಕೊಂಡು ಹೋಗಿ. ಬುಷ್‌ನದ್ದೂ ಅಲ್ಲೇ ಮುಗಿಸಿ. ಬಣ್ಣ ಹೊಡೆಯುವಾಗ ಥ್ರೆಡ್ಡಿಗೆ, ಬುಷ್ ಕೂರುವ ತೂತಿಗೆ ಟೇಪ್ ಹಾಕಿರಿ. ನಕಲ್‌ಗೂ ಬಣ್ಣ ಹೊಡೆಸೋದಾದರೆ ಟೇಪರ್ ಕೂರುವ ಕಣ್ಣಿನ ಒಳಗೆ ಒಂದು ಪದರವೂ ಹೋಗಬಾರದು. ಬಣ್ಣದ ಮೇಲೆ ಕೂತ ಟೇಪರ್ ನಾಲ್ಕು ದಿನಕ್ಕೆ ಸಡಿಲಾಗುತ್ತೆ.

ಕೊಳವೆ ಆರ್ಮ್ ಹಾಕಿಸಿ, ಚೆನ್ನಾಗಿ ಕಾಣುತ್ತೆ ಅಂತ ಯಾರಾದರೂ ಹೇಳಿಯೇ ಹೇಳ್ತಾರೆ. ಗಾಡಿಯನ್ನು ನೆಲಕ್ಕೆ ಇಳಿಸಿ ಓಡಿಸುವವರಿಗೆ ಅದು ಸರಿ. ತೋಟದ ದಾರಿಗೆ ಹಳೇ ಒತ್ತು ತಗಡಿನ ಆರ್ಮೇ ಸಾಕು, ದುಡ್ಡು ಉಳಿಸಿ ಟೈರಿಗೆ ಹಾಕಿ.

ಜೋಡಿಸೋದು ಇದೇ ದಾರಿಯಲ್ಲಿ ಹಿಂದಕ್ಕೆ. ಸರಪಳಿ ಮತ್ತೆ ಬೇಕು, ಹತ್ತುವಾಗಲೂ ಸ್ಪ್ರಿಂಗು ಅದೇ ಸ್ಪ್ರಿಂಗು. ರಬ್ಬರ್ ಬುಷ್ ಹಾಕಿದ್ದರೆ ಶಾಫ್ಟಿನ ತುದಿಯ ನಟ್‌ಗಳನ್ನು ಮೊದಲು ಕೈಬಿಗಿ ಮಾತ್ರ ಮಾಡಿ. ಚಕ್ರ ಹಾಕಿ, ಗಾಡಿ ತನ್ನ ಭಾರದಲ್ಲಿ ನಿಂತ ಮೇಲೆ ಪೂರ್ತಿ ಬಿಗಿ ಕೊಡಿ. ಆರ್ಮ್ ಜೋತುಬಿದ್ದಿರುವಾಗಲೇ ಬಿಗಿದರೆ ಗಾಡಿ ಇಳಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡು, ಒಂದೇ ಮಳೆಗಾಲಕ್ಕೆ ಹರಿದುಹೋಗುತ್ತೆ. ಥ್ರೆಡ್ ಇರುವ ಸ್ಟೀಲ್ ಬುಷ್ ಆದರೆ ಈ ಮಾತಿಲ್ಲ, ಅದಕ್ಕೆ ಶಾಫ್ಟ್ ನಡುವೆ ಕೂರಿಸಿ ಗ್ರೀಸ್ ತುಂಬಬೇಕು. ಬಿಗಿಯ ಲೆಕ್ಕವನ್ನು ಆ ವರ್ಷದ ಸರ್ವಿಸ್ ಪುಸ್ತಕ ನೋಡಿ ಟಾರ್ಕ್ ವ್ರೆಂಚಿನಲ್ಲೇ ಕೊಡಿ. ಬಾಲ್ ಜಾಯಿಂಟಿನ ನಟ್ಟಿನಲ್ಲಿ ಪಿನ್ನಿನ ತೂತು ಸರಿಹೊಂದದಿದ್ದರೆ ಇನ್ನೂ ತುಸು ಬಿಗಿ ಮಾಡಿ, ಸಡಿಲಿಸಿ ಹೊಂದಿಸಬೇಡಿ. ಸ್ಪ್ಲಿಟ್ ಪಿನ್ ಹೊಸದೇ ಇರಲಿ.

ಶಿಮ್ ಇದ್ದ ಹಾಗೇ ವಾಪಸ್ ಹೋದರೆ ಚಕ್ರ ಸುಮಾರಾಗಿ ನೆಟ್ಟಗೇ ನಿಲ್ಲುತ್ತೆ. ಟೋ (ಮುಂಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರೋದು) ಮಾತ್ರ ದಾರ ಕಟ್ಟಿ, ಟೇಪ್ ಹಿಡಿದು ಒಂದು ಮಟ್ಟಕ್ಕೆ ತನ್ನಿ. ಆಮೇಲೆ ನಿಧಾನವಾಗಿ ಓಡಿಸಿಕೊಂಡು ಹೋಗಿ ಕುಶಾಲನಗರದಲ್ಲೋ ಮೈಸೂರಿನಲ್ಲೋ ಅಲೈನ್‌ಮೆಂಟ್ ಮಾಡಿಸಿ. ಹೊರಡುವ ಮುಂಚೆ ಫೋನ್ ಮಾಡಿ ಶಿಮ್ ಹಾಕಿ ಕ್ಯಾಂಬರ್ ಸರಿಮಾಡುವವರು ಇದ್ದಾರಾ ಅಂತ ಕೇಳಿ. ಬರೀ ಟೋ ಸರಿಮಾಡಿ ಕಳಿಸುವ ಕಡೆಗೆ ಹೋದರೆ ನಿಮ್ಮ ಬಲಗಡೆ ಟೈರು ಮತ್ತೆ ಒಳಮಗ್ಗುಲಲ್ಲೇ ಸವೆಯುತ್ತೆ. ತಂತಿಗೆ ಪೋಣಿಸಿದ್ದರಲ್ಲಿ ಉಳಿದ ಶಿಮ್ ಇದ್ದರೆ ಅದನ್ನೂ ಜೊತೆಗೆ ಒಯ್ಯಿರಿ, ಅವರ ಹತ್ತಿರ ಈ ಗಾಡಿಯದ್ದು ಇರಲ್ಲ.